ಅಡಿಕೆ ತೋಟದ ಉದ್ದಗಾಲು ನೊಣ: ಹೊಸ ಪ್ರಭೇದ ಅಂತ ಬರೆಯುವ ಮೊದಲು ಏನೇನು ನೋಡಬೇಕು?

ತೋಡಿನ ಬದಿ (ಬದಿಯಡ್ಕ)

ಅಡಿಕೆ ತೋಟದ ತೋಡಿನ ಬದಿ, ಕೆಸುವಿನ ಎಲೆ ಮೇಲಿಂದ ಬೀಸುಬಲೆಗೆ ಸಿಕ್ಕಿದ ಉದ್ದಗಾಲು ನೊಣ. ಡೋಲಿಕೊಪೋಡಿಡೇ ಕುಟುಂಬ ಅನ್ನುವುದರಲ್ಲಿ ಸಂಶಯ ಇಲ್ಲ. ಗಂಡು 3, ಹೆಣ್ಣು 1. ನಾಲ್ಕೂ 80% ಆಲ್ಕೊಹಾಲಿನಲ್ಲಿ ಉಂಟು.

ಕಂಡದ್ದು ಇಷ್ಟು. ಮೈ ಹಸಿರು, ಹೊಟ್ಟೆಯ ಕಡೆಗೆ ತಾಮ್ರದ ಛಾಯೆ. ಎರಡು ಕಣ್ಣುಗಳ ನಡುವೆ ನೆತ್ತಿ ಹೊಂಡದ ಹಾಗೆ ತಗ್ಗು. ರೆಕ್ಕೆಯ ನಡುವಿನ ನರ, ಅಂದರೆ ಎಂ ನರ, ಕವಲೊಡೆಯುತ್ತದೆ. ಮುಂದಿನ ಕವಲು (ಎಂ1) ಮೊಣಕೈ ಮಡಚಿದ ಹಾಗೆ ಬಾಗಿ ಅದರ ಮುಂದಿರುವ ಆರ್4+5 ನರದ ಹತ್ತಿರಕ್ಕೆ ಹೋಗುತ್ತದೆ. ಕುಡಿಮೀಸೆಯ ಮೂರನೇ ಖಂಡ ಗಿಡ್ಡ, ಹೆಚ್ಚುಕಮ್ಮಿ ತ್ರಿಕೋನ, ಅದರ ಬೆನ್ನಿನಿಂದ ಸಪೂರದ ಉದ್ದ ಕೂದಲು. ಗಂಡಿನ ನಡುಗಾಲಿನ ಪಾದದ, ಅಂದರೆ ಟಾರ್ಸಸ್‌ನ ಕೊನೆಯ ಎರಡು ಖಂಡ ಕಪ್ಪು, ಚಪ್ಪಟೆ. ಹೆಣ್ಣಿನಲ್ಲಿ ಅದಿಲ್ಲ.

ಕವಲು ನರ ನೋಡಿ ಕ್ರೈಸೊಸೋಮಾ ಕುಲ ಅಂತ ಇಟ್ಟುಕೊಂಡಿದ್ದೇನೆ. ಆ ಕುಲದ ಗುರುತು ಕೀಲಿಯಲ್ಲಿ (ಲಕ್ಷಣ ನೋಡುತ್ತಾ ಹೆಸರಿಗೆ ತಲುಪಿಸುವ ಪಟ್ಟಿಯಲ್ಲಿ) ಯಾವ ಪ್ರಭೇದಕ್ಕೂ ಕೂಡುವುದಿಲ್ಲ. ವಿವರಣೆ ಬರೆಯಲಿಕ್ಕೆ ಯಾವ ಭಾಗದಿಂದ ಸುರು ಮಾಡಬೇಕು, ಎಂತದ್ದೆಲ್ಲ ಅಳೆಯಬೇಕು?

ಗ್ಲಿಸರಿನ್ ಡಬ್ಬಿ (ಮುಳ್ಳೇರಿಯ)

ಕುಲದಲ್ಲೇ ಎಡವಿದ್ದೀರಿ, ಅಣ್ಣ. ತಗ್ಗಿದ ನೆತ್ತಿ, ಕವಲೊಡೆದ ಎಂ ನರ, ಇವೆರಡೂ ಸಯಾಪೋಡಿನೇ ಎಂಬ ಉಪಕುಟುಂಬದ ಗುರುತುಗಳು. ಅವುಗಳಿಂದ ಕುಲ ಹೇಳಲಿಕ್ಕೆ ಆಗುವುದಿಲ್ಲ. ಕ್ರೈಸೊಸೋಮಾದಲ್ಲಿ ಸಾಮಾನ್ಯವಾಗಿ ಕುಡಿಮೀಸೆಯ ಮೂರನೇ ಖಂಡ ಉದ್ದಕ್ಕೆ ಚಾಚಿರುತ್ತದೆ, ಕೂದಲು ಅದರ ತುದಿಯಿಂದ ಹೊರಡುತ್ತದೆ. ನಿಮ್ಮ ನೊಣದಲ್ಲಿ ಖಂಡ ಗಿಡ್ಡ, ಕೂದಲು ಬೆನ್ನಿನಿಂದ. ಹಾಗಾಗಿ ಮೊದಲು ನೋಡಬೇಕಾದ್ದು ಆಂಬ್ಲಿಪ್ಸಿಲೋಪಸ್, ಆಮೇಲೆ ಕಾಂಡಿಲೊಸ್ಟೈಲಸ್. ತಪ್ಪು ಕುಲದ ಕೀಲಿ ಹಿಡಿದರೆ ಎಲ್ಲ ನೊಣವೂ ಹೊಸ ಪ್ರಭೇದದ ಹಾಗೆಯೇ ಕಾಣುತ್ತದೆ.

ನೊಣತಜ್ಞ ಡ್ಯಾನಿಯಲ್ ಬಿಕೆಲ್ 1994ರಲ್ಲಿ ಆಸ್ಟ್ರೇಲಿಯಾದ ಸಯಾಪೋಡಿನೇ ಬಗ್ಗೆ ಪ್ರಕಟಿಸಿದ ದೊಡ್ಡ ಕೆಲಸದಲ್ಲಿ ನಮ್ಮ ಪೌರ್ವಾತ್ಯ ವಲಯದ (ಭಾರತ, ಆಗ್ನೇಯ ಏಷ್ಯಾ ಸೇರಿದ ಪ್ರದೇಶದ) ಪರಿಶೀಲನೆಯೂ ಉಂಟು, ಜಗತ್ತಿನ ಕುಲಗಳ ವಿಂಗಡಣೆಯೂ ಉಂಟು. ಕುಲ ಅಲ್ಲಿಂದ ನಿಕ್ಕಿ ಮಾಡಿ. 1994ಕ್ಕಿಂತ ಹಿಂದಿನ ಲೇಖನಗಳಲ್ಲಿ ಇವೇ ಪ್ರಭೇದಗಳು ಸಯಾಪಸ್, ಸೈಲೋಪಸ್ ಎಂಬ ಹಳೆಯ ಕುಲಗಳಡಿ ಇರಬಹುದು. ಹೋಲಿಸುವಾಗ ಅವನ್ನೂ ಬಿಡಬಾರದು.

ಮುರಕಲ್ಲು (ಪೆರ್ಲ)

ಬಣ್ಣದ ಮೇಲೆ ಅಷ್ಟು ಭರವಸೆ ಇಡಬೇಡಿ. ಆ ಹಸಿರು ವರ್ಣದ್ರವ್ಯದ್ದಲ್ಲ, ಹೊರಚಿಪ್ಪಿನ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಕಾಣುವುದು. ದೀಪದ ಕೋನ ಬದಲಿಸಿದರೆ ಹಸಿರು ತಾಮ್ರವಾಗುತ್ತದೆ, ತಾಮ್ರ ನೇರಳೆಯಾಗುತ್ತದೆ. ಆಲ್ಕೊಹಾಲಿನಲ್ಲಿ ಒದ್ದೆಯಾಗಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಮುಖ, ಎದೆಯ ಪಕ್ಕಗಳಲ್ಲಿ ಬೂದಿ ಸವರಿದ ಹಾಗೆ ಒಂದು ಲೇಪ ಇರುತ್ತದಲ್ಲ, ಅದು ಒದ್ದೆಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಬಣ್ಣದ ವಿವರ ಒಣಗಿಸಿದ ಮಾದರಿಯಿಂದ, ಟ್ರೇಸಿಂಗ್ ಪೇಪರಿನ ಸುರುಳಿ ಸುತ್ತಲೂ ಇಟ್ಟು ಹರಡಿದ ಬೆಳಕಿನಲ್ಲಿ ಬರೆಯಬೇಕು.

ನಿಜವಾಗಿ ಕೆಲಸಕ್ಕೆ ಬರುವ ಬಣ್ಣಗಳು ಹೊಳಪಿಲ್ಲದವು: ಕಾಲಿನ ಪ್ರತಿ ಖಂಡದ ಹಳದಿ ಅಥವಾ ಕಪ್ಪು, ಕಾಲಿನ ಬುಡದ ಖಂಡವಾದ ಕಾಕ್ಸಾದ ಬಣ್ಣ, ರೆಕ್ಕೆಯ ಹಿಂದಿರುವ ಪುಟ್ಟ ಕಡ್ಡಿ ಹಾಲ್ಟಿಯರ್‌ನ ಗುಬುಟು, ರೆಕ್ಕೆಬುಡದ ಪುಟ್ಟ ಹಾಲೆ ಕ್ಯಾಲಿಪ್ಟರ್ ಅಂಚಿನ ರೋಮ ಕಪ್ಪೋ ಬಿಳಿಯೋ ಅನ್ನುವುದು. ಇಲ್ಲೂ ಒಂದು ಎಚ್ಚರ ಬೇಕು. ಕೋಶದಿಂದ ಆಗಷ್ಟೇ ಹೊರಬಂದ ನೊಣದ ಕಾಲು ಪೂರ್ತಿ ಬಣ್ಣ ಏರದೆ ಮಾಸಲು ಹಳದಿ ಇರುತ್ತದೆ. ರೆಕ್ಕೆ ಸುಕ್ಕಾಗಿ, ಮೈ ಮೆತ್ತಗಿದ್ದರೆ ಅದರ ಕಾಲಿನ ಬಣ್ಣ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ತೋಡಿನ ಬದಿ

ಹಾಗಾದರೆ ಒಣಗಿಸಬೇಕು. ಒಂದನ್ನು ಆಲ್ಕೊಹಾಲಿನಿಂದ ತೆಗೆದು ಟಿಶ್ಯೂ ಮೇಲಿಟ್ಟು ಗಾಳಿಗೆ ಬಿಡಬಹುದಾ?

ಗ್ಲಿಸರಿನ್ ಡಬ್ಬಿ

ಬೇಡವೇ ಬೇಡ! 5 ಮಿಲಿಮೀಟರ್‌ನೊಳಗಿನ ನೊಣ ನೇರ ಆಲ್ಕೊಹಾಲಿನಿಂದ ಒಣಗಿದರೆ ಕಣ್ಣು ಒಳಕ್ಕೆ ಕುಸಿಯುತ್ತದೆ, ಎದೆ ನೆಗ್ಗುತ್ತದೆ, ಮುಖದ ಅಗಲ ಅಳೆಯಲಿಕ್ಕೆ ಏನೂ ಉಳಿಯುವುದಿಲ್ಲ. 95%ಕ್ಕೆ ಒಂದು ಗಂಟೆ, ಶುದ್ಧ ಆಲ್ಕೊಹಾಲಿಗೆ ಎರಡು ಸಲ ಒಂದೊಂದು ಗಂಟೆ, ಆಮೇಲೆ ಹೆಕ್ಸಾಮೀಥೈಲ್‌ಡೈಸಿಲಾಜೇನ್‌ನಲ್ಲಿ ಅರ್ಧ ಗಂಟೆಯಂತೆ ಎರಡು ಸಲ. ಕೊನೆಯದನ್ನು ಚೂರೇ ಉಳಿಸಿ, ಮುಚ್ಚಳ ಸಡಿಲ ಮಾಡಿ, ಆವಿಯಾಗಲಿಕ್ಕೆ ಬಿಡಿ. ಆ ಆವಿ ಕೆಟ್ಟದ್ದು, ಮನೆಯೊಳಗೆ ಮಾಡುವ ಕೆಲಸ ಅಲ್ಲ. ನೀರಿನ ಅಂಶ ಉಳಿದಿದ್ದರೆ ಆ ದ್ರಾವಣ ನೀರಿನ ಜೊತೆಯೇ ಕ್ರಿಯೆ ನಡೆಸುತ್ತದೆ, ನೊಣ ಸುಕ್ಕಾಗುತ್ತದೆ. ಶುದ್ಧ ಆಲ್ಕೊಹಾಲಿನ ಹಂತ ಹಾರಿಸಿದವರ ಮಾದರಿ ಹಾಳಾಗುವುದು ಇದರಿಂದಲೇ.

ಆಮೇಲೆ ದಪ್ಪ ಪಿನ್ನು ಚುಚ್ಚಬೇಡಿ. ತ್ರಿಕೋನ ಕಾಗದದ ತುದಿಗೆ ಸಾಸಿವೆಯ ಕಾಲುಭಾಗದಷ್ಟು ಅಂಟು ಹಚ್ಚಿ, ನೊಣದ ಬಲ ಪಕ್ಕೆ ಅಂಟಿಸಿ. ಎಡ ಪಕ್ಕೆ ಪೂರ್ತಿ ಖಾಲಿ ಇರಬೇಕು. ಯಾಕೆ ಅಂತ ಹೊಟ್ಟೆತುದಿಯ ಮಾತು ಬಂದಾಗ ಗೊತ್ತಾಗುತ್ತದೆ. ಆಟಿ ತಿಂಗಳ ಮಳೆಯಲ್ಲಾದರೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಲ್ಲದೆ ಇಡಲೇಬಾರದು. ಒಂದು ವಾರದೊಳಗೆ ಬಿರುಗೂದಲು ಯಾವುದು, ಬೂಷ್ಟು ಯಾವುದು ಗೊತ್ತಾಗುವುದಿಲ್ಲ.

ಕುಂಬಳೆ ಮಾಷ್ಟ್ರು

ಕ್ರಮ ಕೇಳಿದಿರಿ. ತಲೆ, ಎದೆ, ಕಾಲು, ರೆಕ್ಕೆ, ಹೊಟ್ಟೆ, ಹೊಟ್ಟೆತುದಿ. ಮೊದಲು ಗಂಡು ಪೂರ್ತಿ, ಕೊನೆಗೆ ಹೆಣ್ಣಿನಲ್ಲಿ ಬೇರೆ ಇರುವುದು ಮಾತ್ರ.

ತಲೆಯಲ್ಲಿ ಮುಖದ ಅಗಲ ಅಳೆಯಿರಿ, ಅದು ಕೆಳಗೆ ಕಿರಿದಾಗುತ್ತದೋ ಇಲ್ಲವೋ ಬರೆಯಿರಿ. ನೆತ್ತಿಯ ಬಿರುಗೂದಲು ಗಂಡಿನಲ್ಲಿ ಗಟ್ಟಿಯೋ ಬರೀ ರೋಮವೋ ಎಂದು ಹೆಣ್ಣಿನ ಪಕ್ಕ ಇಟ್ಟು ನೋಡಿ. ಕುಡಿಮೀಸೆಯಲ್ಲಿ ಮೂರು ಖಂಡಗಳ ಆಕಾರ, ಕೂದಲು ಹೊರಡುವ ಜಾಗ, ಅದರ ಉದ್ದ. ಸೊಂಡಿಲು ಗಿಡ್ಡ, ತುಟಿ ದಪ್ಪ. ಸಣ್ಣ ಮೆದು ಹುಳಗಳನ್ನು ಆ ತುಟಿಯಲ್ಲೇ ಅಮುಕಿ ಹಿಡಿದು ಹೀರುತ್ತದೆ. ವಿವರಣೆಗೆ ಅದರ ಬಣ್ಣ, ಪಕ್ಕದ ಪುಟ್ಟ ಚಾಚು ಪಾಲ್ಪ್‌ನ ಬಣ್ಣ ಮತ್ತು ರೋಮ ಸಾಕು.

ಎದೆಗೆ ಬಂದರೆ ಬಿರುಗೂದಲು ಎಣಿಸುವ ಕೆಲಸ. ಬೆನ್ನಿನ ನಟ್ಟನಡುವಿನ ಸಾಲು ಅಕ್ರೋಸ್ಟಿಕಲ್, ಅದರ ಎರಡೂ ಪಕ್ಕದ ಸಾಲು ಡಾರ್ಸೊಸೆಂಟ್ರಲ್. ಸಯಾಪೋಡಿನೇಯಲ್ಲಿ ಜನ ಮೋಸಹೋಗುವುದು ಈ ಎರಡನೆಯದರಲ್ಲಿ: ಅನೇಕ ಪ್ರಭೇದಗಳ ಗಂಡಿನಲ್ಲಿ ಹಿಂದಿನ ಎರಡು ಜೋಡಿ ಮಾತ್ರ ದಪ್ಪ, ಮುಂದಿನವು ರೋಮದಷ್ಟು ಸಪೂರ, ಹೆಣ್ಣಿನಲ್ಲಿ ಎಲ್ಲವೂ ದಪ್ಪ. ಗಂಡಿನಲ್ಲಿ «2 ಜೋಡಿ», ಹೆಣ್ಣಿನಲ್ಲಿ «5 ಜೋಡಿ» ಎಂದು ಬರೆದು ಎರಡನ್ನೂ ಬೇರೆ ಬೇರೆ ಪ್ರಭೇದ ಮಾಡಿಬಿಡುತ್ತಾರೆ. ಬಲೆಯಲ್ಲಿ ಒದ್ದಾಡಿದ ನೊಣದ ಕೂದಲು ಉದುರಿಯೂ ಇರುತ್ತದೆ. ಹಾಗಾಗಿ ಕೂದಲು ಎಣಿಸಬೇಡಿ, ಅದರ ಬುಡದ ಕುಳಿ ಎಣಿಸಿ. 80 ಪಟ್ಟು ದೊಡ್ಡದು ಮಾಡಿ ದೀಪವನ್ನು ಓರೆಗೆ ತಂದರೆ ಪ್ರತಿ ಕುಳಿಯೂ ಸಣ್ಣ ಬಳೆಯ ಹಾಗೆ ಏರು ಅಂಚಿನೊಂದಿಗೆ ಎದ್ದು ಕಾಣುತ್ತದೆ. ದಪ್ಪ ಕೂದಲಿನ ಕುಳಿ ದೊಡ್ಡದು, ರೋಮದ್ದು ಚುಕ್ಕಿ. ಎದೆಬೆನ್ನಿನ ಹಿಂತುದಿಯ ತ್ರಿಕೋನ ಫಲಕ ಸ್ಕುಟೆಲ್ಲಮ್‌ನ ಬಿರುಗೂದಲನ್ನೂ ಹಾಗೆಯೇ ಎಣಿಸಿ.

ಕಾಲಿನಲ್ಲಿ ದಿಕ್ಕು ತಪ್ಪುವುದು ಜಾಸ್ತಿ. ಕಾಲು ಮೈಯಿಂದ ನೇರ ಅಡ್ಡಕ್ಕೆ ಚಾಚಿದೆ ಅಂತ ಭಾವಿಸಿ ಮುಂಬದಿ, ಹಿಂಬದಿ, ಮೇಲ್ಬದಿ, ಕೆಳಬದಿ ಹೇಳುವುದು ನಿಯಮ. ಸತ್ತ ನೊಣದ ಹಿಂಗಾಲು ಹಿಂದಕ್ಕೆ ಬಿದ್ದಿರುತ್ತದೆ. ಪಕ್ಕದಿಂದ ನಮಗೆ ಕಾಣುವ ಹೊರಮುಖವೇ ಅದರ ಮುಂಬದಿ. ಮುಂಗಾಲು ಮುಂದಕ್ಕೆ ಚಾಚಿದ್ದರೆ ಹೊರಮುಖ ಅದರ ಹಿಂಬದಿ. ಇದನ್ನು ಮರೆತು ಮೂರೂ ಕಾಲಿಗೆ «ಹೊರಬದಿ» ಎಂದು ಬರೆದರೆ ಮುಂದಿನವನಿಗೆ ಹೋಲಿಸಲಿಕ್ಕೆ ಆಗುವುದಿಲ್ಲ. ಟಿಬಿಯಾದ (ಮೊಣಕಾಲಿನ ಕೆಳಗಿನ ಖಂಡದ) ಬಿರುಗೂದಲಿನ ಜಾಗವನ್ನು ಭಿನ್ನರಾಶಿಯಲ್ಲಿ ಹೇಳಿ, «ಬುಡದಿಂದ 1/4ರಲ್ಲಿ ಒಂದು, 3/5ರಲ್ಲಿ ಒಂದು» ಎಂಬಂತೆ.

ನಿಮ್ಮ ಗಂಡಿನ ನಡುಗಾಲಿನ ಕಪ್ಪು ಚಪ್ಪಟೆ ಖಂಡ ಉಂಟಲ್ಲ, ಅದು ಗಂಡಿಗೆ ಮಾತ್ರ ಇರುವ ಅಲಂಕಾರ. ಈ ಕುಟುಂಬದ ಗಂಡುಗಳು ಹೆಣ್ಣಿನೆದುರು ಕಾಲು, ರೆಕ್ಕೆ ಬೀಸಿ ತೋರಿಸುತ್ತವೆ. ಪ್ರಭೇದದಿಂದ ಪ್ರಭೇದಕ್ಕೆ ಬೇಗ ಬದಲಾಗುವುದು ಈ ಅಲಂಕಾರವೇ. ಹೆಚ್ಚಿನ ಕೀಲಿಗಳು ಗಂಡಿಗೆ ಮಾತ್ರ ನಡೆಯುವುದೂ ಇದರಿಂದ. ಆ ಎರಡು ಖಂಡಗಳ ಉದ್ದ, ಅಗಲ, ಚಪ್ಪಟೆ ಯಾವ ದಿಕ್ಕಿಗೆ, ಅಂಚಿನ ರೋಮ, ಕಪ್ಪು ಎಲ್ಲಿಂದ ಎಲ್ಲಿವರೆಗೆ, ಎಲ್ಲ ಬೇಕು. ಮೇಲಿನಿಂದ ಒಂದು ಚಿತ್ರ, ಪಕ್ಕದಿಂದ ಒಂದು. ಇಡೀ ವಿವರಣೆಯಲ್ಲಿ ಇನ್ನೊಬ್ಬರು ಮೊದಲು ಹುಡುಕುವ ಸಾಲು ಇದೇ.

ಮುರಕಲ್ಲು

ಮಾಷ್ಟ್ರು ಹೇಳಿದ್ದಕ್ಕೆ ಅಳತೆಯ ಭಾಗ ಸೇರಿಸುತ್ತೇನೆ.

ಕಣ್ಣುಮಸೂರದ ಪಟ್ಟಿಯ ಒಂದು ಗೆರೆ ಎಷ್ಟು ಅಂತ ಸ್ಟೇಜ್ ಮೈಕ್ರೊಮೀಟರ್ (ಅಳತೆ ಕೊರೆದ ಸ್ಲೈಡು) ಇಟ್ಟು ಪ್ರತಿ ವರ್ಧನೆಗೂ ಬೇರೆ ಬೇರೆ ಕಟ್ಟಿಕೊಳ್ಳಬೇಕು. ಉದಾಹರಣೆಗೆ 40 ಪಟ್ಟಿನಲ್ಲಿ ಒಂದು ಗೆರೆ 0.025 ಮಿ.ಮೀ. ಆದರೆ 168 ಗೆರೆಯ ರೆಕ್ಕೆ 4.2 ಮಿ.ಮೀ. ಜೂಮ್ ತಿರುಗಣೆ «ಟಕ್» ಅಂತ ನಿಲ್ಲದ ಮಾದರಿಯದ್ದಾದರೆ ಚೂರು ಜರುಗಿದರೂ ಲೆಕ್ಕ ತಪ್ಪಿತು. ಒಂದು ನೊಣದ ಎಲ್ಲ ಅಳತೆ ಒಂದೇ ಸಲಕ್ಕೆ, ತಿರುಗಣೆ ಮುಟ್ಟದೆ ಮುಗಿಸುವುದು ಒಳ್ಳೇದು.

ಮೈ ಉದ್ದ ಹೇಳುವಾಗ ಕುಡಿಮೀಸೆ ಸೇರಿಸಬೇಡಿ. ಹೊಟ್ಟೆ ಆಲ್ಕೊಹಾಲಿನಲ್ಲಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಹಾಗಾಗಿ ಮೈ ಉದ್ದಕ್ಕಿಂತ ರೆಕ್ಕೆ ಉದ್ದ ನಂಬಿಕಸ್ಥ. ಪ್ರತಿ ಕಾಲಿಗೆ ಏಳು ಸಂಖ್ಯೆ: ಫೀಮರ್ (ತೊಡೆ), ಟಿಬಿಯಾ, ಟಾರ್ಸಸ್‌ನ ಐದು ಖಂಡ ಓರೆಗೆರೆಯಿಂದ ಬೇರ್ಪಡಿಸಿ. 72; 80; 52/14/9/6/5 ಎಂಬ ಮಾದರಿಯಲ್ಲಿ. ಖಂಡ ಬಾಗಿದ್ದರೆ ಅದು ಸಮತಟ್ಟಾಗಿ ಕಾಣುವವರೆಗೆ ಮಾದರಿ ತಿರುಗಿಸಿ ಅಳೆಯಿರಿ. ಓರೆಯಲ್ಲಿ ಅಳೆದದ್ದು ಯಾವಾಗಲೂ ಗಿಡ್ಡ ಬರುತ್ತದೆ.

ರೆಕ್ಕೆಯಲ್ಲಿ ಎರಡು ಅನುಪಾತ ಬೇಕು. ಒಂದು, ಮುಂದಂಚಿನಲ್ಲಿ ಆರ್2+3ರಿಂದ ಆರ್4+5ರವರೆಗಿನ ದೂರಕ್ಕೂ ಆರ್4+5ರಿಂದ ಎಂ1ರವರೆಗಿನ ದೂರಕ್ಕೂ. ಇನ್ನೊಂದು ಸಿಯುಎ ಅನುಪಾತ (ಸಿಯುಎ ಅಂದರೆ ಎಂ ನರದ ಹಿಂದಿನ ನರ), ಅವೆರಡರ ನಡುವಿನ ಡಿಎಂ-ಸಿಯು ಅಡ್ಡನರದ ಉದ್ದಕ್ಕೂ ಸಿಯುಎ ನರದ ಕೊನೆಯ ತುಂಡಿಗೂ. ಎಂ1 ಬಾಗುವ ರೀತಿ ಮಾತಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ಚಿತ್ರವೇ ಬೇಕು.

ಗ್ಲಿಸರಿನ್ ಡಬ್ಬಿ

ಈಗ ಹೊಟ್ಟೆತುದಿ. ಗಂಡಿನ ಜನನಾಂಗದ ಆ ಗುಳಿಗೆಗೆ ಹೈಪೊಪೈಜಿಯಂ ಅನ್ನುತ್ತಾರೆ. ಈ ಕುಟುಂಬದಲ್ಲಿ ಅದು ತಿರುಚಿಕೊಂಡು ಹೊಟ್ಟೆಯ ಅಡಿಗೆ ಮುಂದಕ್ಕೆ ಮಡಚಿರುತ್ತದೆ. ಹೊಟ್ಟೆಗೆ ಅದು ಕೂಡುವ ತೂತು, ಅಂದರೆ ಫೊರಾಮೆನ್, ಸಾಮಾನ್ಯವಾಗಿ ಎಡ ಪಕ್ಕದಲ್ಲಿ. ಎಂಟನೇ ಖಂಡ ಮುಚ್ಚಳದ ಹಾಗೆ ಅದರ ಮೇಲೆ ಕೂರುತ್ತದೆ. ಚಿತ್ರಗಳನ್ನೆಲ್ಲ ಎಡ ಪಕ್ಕದಿಂದ ಬಿಡಿಸುವ ರೂಢಿ ಅದಕ್ಕೇ. ಬಲ ಪಕ್ಕೆ ಅಂಟಿಸಲು ಹೇಳಿದ್ದೂ ಅದಕ್ಕೇ.

ಗುಳಿಗೆಯನ್ನು ಕತ್ತರಿಸಿ ಬಿಡಿಸುವುದು ಹೀಗೆ. ಒಣ ಮಾದರಿಯಾದರೆ ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿ ಒಂದು ರಾತ್ರಿ ಮೆತ್ತಗಾಗಲಿ. ಹೊಟ್ಟೆಯನ್ನು ಐದನೇ ಖಂಡದ ಹತ್ತಿರ ಸಪೂರ ಕತ್ತರಿಯಿಂದ ಕತ್ತರಿಸಿ. ಇಕ್ಕುಳದಲ್ಲಿ ಹಿಡಿದು ಎಳೆದರೆ ತುದಿ ಜಜ್ಜಿಹೋಗುತ್ತದೆ. 10% ಕಾಸ್ಟಿಕ್ ಪೊಟ್ಯಾಷ್‌ನಲ್ಲಿ ಒಂದು ರಾತ್ರಿ ಹಾಗೇ ಇಡಿ, ಅಥವಾ ಬಿಸಿನೀರಿನ ಪಾತ್ರೆಯೊಳಗೆ ನಳಿಕೆ ಇಟ್ಟು 10–15 ನಿಮಿಷ. ನಳಿಕೆಯನ್ನೇ ನೇರ ಬೆಂಕಿಗೆ ಹಿಡಿದರೆ ದ್ರಾವಣ ಚಿಮ್ಮುತ್ತದೆ, ಕಣ್ಣಿಗೂ ಅಪಾಯ, ಗುಳಿಗೆಯೂ ಗೋವಿಂದ. ಐದೈದು ನಿಮಿಷಕ್ಕೆ ತೆಗೆದು ನೋಡಿ: ಸ್ನಾಯು ಕರಗಿ ಒಳಗಿನ ಕಂದು ರಚನೆ ಕಂಡ ಕೂಡಲೆ ಸಾಕು. ಹೆಚ್ಚಾದರೆ ಪೊರೆಗಳು ಗಾಜಿನ ಹಾಗೆ ಪಾರದರ್ಶಕವಾಗಿ ಅಂಚೇ ಸಿಗುವುದಿಲ್ಲ. ಆಮೇಲೆ ಒಂದು ತೊಟ್ಟು ಅಸಿಟಿಕ್ ಆಮ್ಲ ಬೆರೆಸಿದ ನೀರು, ಬರೀ ನೀರು, ಕೊನೆಗೆ ಗುಳಿಯಿರುವ ಸ್ಲೈಡಿನಲ್ಲಿ ಗ್ಲಿಸರಿನ್. ಗುಳಿಗೆ ಉರುಳದಂತೆ ಎರಡೆಳೆ ಹತ್ತಿ ಅಡಿಗೆ ಇಡಿ. ಆ ಎಳೆಯನ್ನು ಸೂಜಿಯಲ್ಲಿ ತಳ್ಳಿದರೆ ಗುಳಿಗೆಯನ್ನು ಮುಟ್ಟದೆಯೇ ತಿರುಗಿಸಬಹುದು.

ಹೆಸರಿಸಬೇಕಾದ ಭಾಗಗಳು: ದೊಡ್ಡ ಚಿಪ್ಪು ಎಪಾಂಡ್ರಿಯಂ, ಅದರ ಹಾಲೆ ಮತ್ತು ಬಿರುಗೂದಲು, ಅಡಿಯ ಹೈಪಾಂಡ್ರಿಯಂ, ಅದರೊಳಗಿನ ಫ್ಯಾಲಸ್, ಇಕ್ಕುಳದ ಹಾಗಿರುವ ಸರ್ಸ್ಟೈಲಸ್, ರೋಮದ ಸರ್ಕಸ್. ಇಡೀ ಗುಳಿಗೆ ಮಡಚಿರುವುದರಿಂದ «ಮೇಲೆ», «ಕೆಳಗೆ» ಎಂಬ ಮಾತು ಬಿಡಿ. ಸರ್ಕಸ್ ಇರುವುದು ಬೆನ್ನಿನ ಕಡೆ, ಹೈಪಾಂಡ್ರಿಯಂ ಇರುವುದು ಹೊಟ್ಟೆಯ ಕಡೆ. ಅದೇ ಪದಗಳಲ್ಲಿ ಬರೆಯಿರಿ.

ತೋಡಿನ ಬದಿ

ಮಾಡಿದೆ. ಚಿತ್ರ ಹಾಕಿದ್ದೇನೆ, ಮೊಬೈಲನ್ನು ಕಣ್ಣುಮಸೂರಕ್ಕೆ ಇಟ್ಟು ತೆಗೆದ ಫೋಟೊ ಮೇಲೆ ಬಿಡಿಸಿದ್ದು. ನನ್ನದರಲ್ಲಿ ಫೊರಾಮೆನ್ ಬಲಕ್ಕೆ ಉಂಟು. ಅದೇ ಹೊಸ ಲಕ್ಷಣ ಇರಬಹುದಾ?

ಗ್ಲಿಸರಿನ್ ಡಬ್ಬಿ

ಇರಲಿಕ್ಕಿಲ್ಲ. ಎರಡರಲ್ಲಿ ಒಂದು ಆಗಿರಬೇಕು. ಸೂಕ್ಷ್ಮದರ್ಶಕ ಬಿಂಬವನ್ನು ತಲೆಕೆಳಗು ಮಾಡುತ್ತದೆ, ಆದರೆ ಅದು ಬರೀ ಅರ್ಧಸುತ್ತು, ಎಡ ಬಲವಾಗುವುದಿಲ್ಲ. ಮೊಬೈಲಿನ ಕ್ಯಾಮೆರಾ ಆಪ್ ಕನ್ನಡಿಬಿಂಬ ಉಳಿಸಿದ್ದರೆ ಮಾತ್ರ ಎಡ ಬಲವಾಗುತ್ತದೆ. ಅಳತೆಪಟ್ಟಿಯ ಅಂಕಿ ಫೋಟೊದಲ್ಲಿ ಸರಿಯಾಗಿ ಓದಲಿಕ್ಕೆ ಆಗುತ್ತದಾ ನೋಡಿ.

ಆಗುತ್ತದೆ ಅಂತಾದರೆ ಎರಡನೆಯ ಕಾರಣ: ತೊಳೆದ ಗುಳಿಗೆ ಪಾರದರ್ಶಕ. ಅದು ಬಲ ಪಕ್ಕ ಮೇಲಾಗಿ ಮಲಗಿದೆ, ನೀವು ಅದರ ಮೂಲಕ ಅಡಿಯ ಎಡ ಗೋಡೆಯ ತೂತಿಗೆ ಫೋಕಸ್ ಮಾಡಿದ್ದೀರಿ. ಫೋಕಸನ್ನು ಪೂರ್ತಿ ಮೇಲಕ್ಕೆ ತಂದು ನಿಧಾನ ಇಳಿಸಿ. ಮೊದಲು ಚೂಪಾಗಿ ಕಾಣುವ ರೋಮಗಳು ಮೇಲ್ಗೋಡೆಯವು. ತೂತಿನ ಅಂಚು ಅವುಗಳ ಜೊತೆಗೇ ಚೂಪಾಗಬೇಕು. ಆಮೇಲೆ ಚೂಪಾದರೆ ಗುಳಿಗೆ ಮಗುಚಿ ಹಾಕಿ.

ತೋಡಿನ ಬದಿ

ಅಂಕಿ ಸರಿ ಉಂಟು. ರೋಮ ಮೊದಲು, ತೂತು ಆಮೇಲೆ. ಮಗುಚಿದ ಮೇಲೆ ತೂತು ಎಡಕ್ಕೇ. ಹೊಸ ಚಿತ್ರ ಬಿಡಿಸುತ್ತೇನೆ.

ಮೂರು ಗಂಡಿನಲ್ಲಿ ಹೋಲೊಟೈಪ್ (ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಯಾವುದು ಮಾಡಲಿ, ಹೊಟ್ಟೆತುದಿ ಕತ್ತರಿಸಿ ಬಿಡಿಸಿದ್ದಾ ಇಡಿಯದ್ದಾ?

ಕುಂಬಳೆ ಮಾಷ್ಟ್ರು

ಇಡೀ ಇರುವುದು. ಕಾಲು, ಬಿರುಗೂದಲು, ಬಣ್ಣ ಎಲ್ಲ ಸೇರಿ ಇರುವ ಒಂದು ಮಾದರಿ ಮುಂದಿನವರಿಗೆ ಬೇಕು.

ಗ್ಲಿಸರಿನ್ ಡಬ್ಬಿ

ಒಪ್ಪುವುದಿಲ್ಲ, ಮಾಷ್ಟ್ರೇ. ಪ್ರಭೇದ ನಿಂತಿರುವುದು ಹೈಪೊಪೈಜಿಯಂ ಚಿತ್ರದ ಮೇಲೆ. ಆ ಚಿತ್ರ ಪ್ಯಾರಾಟೈಪಿನದ್ದಾಗಿ (ಜೊತೆಗಿಡುವ ಉಳಿದ ಮಾದರಿಯದ್ದಾಗಿ), ನಾಳೆ ಆ ಪ್ಯಾರಾಟೈಪು ಬೇರೆ ಪ್ರಭೇದ ಅಂತ ಯಾರಾದರೂ ತೋರಿಸಿದರೆ ಹೋಲೊಟೈಪಿನ ಹೊಟ್ಟೆತುದಿಯ ಬಗ್ಗೆ ಕಾಗದದಲ್ಲಿ ಏನೂ ಉಳಿಯುವುದಿಲ್ಲ. ಬಿಡಿಸಿದ ತುದಿಯನ್ನು ಗ್ಲಿಸರಿನ್ ಹಾಕಿದ ಪುಟ್ಟ ಶೀಶೆಯಲ್ಲಿಟ್ಟು, ಅದರ ಬಿರಡೆಗೇ ನೊಣದ ಪಿನ್ನು ಚುಚ್ಚಿದರೆ ಎರಡೂ ಒಟ್ಟಿಗೇ ಇರುತ್ತವೆ.

ಕುಂಬಳೆ ಮಾಷ್ಟ್ರು

ಆ ವಾದ ಸರಿ. ಹಾಗಾದರೆ ಬಿಡಿಸಿದ ಗಂಡಿನ ಆರೂ ಕಾಲು, ಎರಡೂ ರೆಕ್ಕೆ ಇದ್ದರೆ ಅದನ್ನೇ ಮಾಡಿ. ಡಿಎನ್ಎಗೆ ಪ್ಯಾರಾಟೈಪಿನ ಒಂದು ಹಿಂಗಾಲು ಸಾಕು. ಮುಂಗಾಲು, ನಡುಗಾಲು ಕೀಳಬಾರದು, ನಿಮ್ಮ ನೊಣದ ಲಕ್ಷಣವೇ ನಡುಗಾಲಿನಲ್ಲಿ. ಪೊಟ್ಯಾಷ್ ಮುಟ್ಟಿದ ಭಾಗದಿಂದ ಡಿಎನ್ಎ ಸಿಗುವುದಿಲ್ಲ, ಹಾಗಾಗಿ ಕಾಲು ಮೊದಲು ತೆಗೆಯಬೇಕು. ಹೆಣ್ಣು ಇದೇ ಪ್ರಭೇದದ್ದು ಅಂತ ಹೇಳುವುದಕ್ಕೂ ಸಿಒಐ ಎಂಬ ಜೀನಿನ 658 ಅಕ್ಷರದ ಡಿಎನ್ಎ ತುಂಡೇ ಗಟ್ಟಿ ಆಧಾರ. ಒಂದೇ ಎಲೆ ಮೇಲೆ ಸಿಕ್ಕಿತು ಅನ್ನುವುದು ಆಧಾರ ಅಲ್ಲ, ಒಂದೇ ತೋಟದಲ್ಲಿ ಈ ಕುಲದ ಮೂರ್ನಾಲ್ಕು ಪ್ರಭೇದ ಒಟ್ಟಿಗೆ ಕೂರುತ್ತವೆ.

ಮುರಕಲ್ಲು

ಮಾದರಿಯ ಪಿನ್ನಿಗೆ ಹಾಕುವ ಚೀಟಿಯ ಬಗ್ಗೆ. ನಮ್ಮ ಊರುಗಳಿಗೆ ಕನ್ನಡದಲ್ಲೊಂದು, ಮಲಯಾಳದಲ್ಲೊಂದು, ಸರಕಾರಿ ಬೋರ್ಡಿನಲ್ಲಿ ಇನ್ನೊಂದು ಕಾಗುಣಿತ. ಕುಂಬಳೆ, ಕುಂಬ್ಳ, ಮಂಜೇಶ್ವರ, ಮಂಜೇಶ್ವರಂ. ಅಕ್ಷಾಂಶ, ರೇಖಾಂಶ ನಾಲ್ಕು ದಶಮಾಂಶಕ್ಕೆ ಬರೆದರೆ ಸುಮಾರು 11 ಮೀಟರಿನ ನಿಖರತೆ ಸಿಗುತ್ತದೆ, ಜಗಳ ಮುಗಿಯಿತು. ಎತ್ತರ, ದಿನಾಂಕ, ಹಿಡಿದ ವಿಧಾನ ಬೇಕು. ತಿಂಗಳನ್ನು ರೋಮನ್ ಅಂಕಿಯಲ್ಲಿ ಹಾಕಿ, 5/7 ಮೇಯೋ ಜುಲೈಯೋ ಎಂಬ ಗೊಂದಲ ಬೇಡ.

ಹಳೆಯ ಸಂಗ್ರಹದ ನೊಣಗಳ ಜೊತೆ ಹೋಲಿಸುವಾಗ ಇನ್ನೊಂದು ಉಂಟು. ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲೆ ಕೇರಳ. 1984ರವರೆಗೆ ಕಣ್ಣೂರು ಜಿಲ್ಲೆ. ಹಾಗಾಗಿ «ಸೌತ್ ಕೆನರಾ, ಮದ್ರಾಸ್» ಎಂಬ ಚೀಟಿಯ ನೊಣ ಪಕ್ಕದ ತೋಟದ್ದೇ ಇರಬಹುದು. ಕೇರಳ ಎಂದು ಮಾತ್ರ ಹುಡುಕಿದವರಿಗೆ ಅದು ಸಿಗುವುದಿಲ್ಲ.

ತೋಡಿನ ಬದಿ

ಹೆಸರು ಕಾಸರಗೋಡಿನದ್ದೇ ಇಡುವ ಆಸೆ. ಕಾಸರಗೋಡೆನ್ಸೆ ಆಗಬಹುದಾ?

ಕುಂಬಳೆ ಮಾಷ್ಟ್ರು

ಕ್ರೈಸೊಸೋಮಾ ಆಗಿದ್ದರೆ ಆಗುತ್ತಿತ್ತು, ಅದು ನಪುಂಸಕಲಿಂಗ. ಆಂಬ್ಲಿಪ್ಸಿಲೋಪಸ್ ಪುಲ್ಲಿಂಗ, ಕಾಸರಗೋಡೆನ್ಸಿಸ್ ಆಗಬೇಕು. ಕುಲ ಮೊದಲು ನಿಕ್ಕಿಯಾಗಲಿ ಅಂದದ್ದು ಇದಕ್ಕೂ ಸೇರಿ.

1999ರ ನಂತರ ಪ್ರಕಟವಾಗುವ ಹೆಸರಿಗೆ ಹೋಲೊಟೈಪ್ ಯಾವುದು, ಯಾವ ಸಂಗ್ರಹದಲ್ಲಿ ಇಡುತ್ತೀರಿ ಎಂದು ಲೇಖನದಲ್ಲೇ ಹೇಳದಿದ್ದರೆ ಆ ಹೆಸರು ಊರ್ಜಿತವಲ್ಲ. ಪತ್ರಿಕೆ ಅಂತರ್ಜಾಲದಲ್ಲಿ ಮಾತ್ರ ಬರುವುದಾದರೆ ಝೂಬ್ಯಾಂಕ್ (ಪ್ರಾಣಿಹೆಸರುಗಳ ಅಧಿಕೃತ ದಾಖಲೆ) ನೋಂದಣಿಯೂ ಬೇಕು. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಂ ಪ್ರಕಾರ ಹೊಸ ಪ್ರಭೇದವನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿ ಅಲ್ಲಿ ಒಪ್ಪಿಸಬೇಕು. ಮನೆಯ ಪೆಟ್ಟಿಗೆಯಲ್ಲಿ ಹೋಲೊಟೈಪ್ ಇಟ್ಟುಕೊಳ್ಳುವ ಹಾಗಿಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಪಶ್ಚಿಮ ಘಟ್ಟ ಕೇಂದ್ರ ಕೋಯಿಕ್ಕೋಡಿನಲ್ಲಿ ಉಂಟು, ನಮಗೆ ಹತ್ತಿರ.

ತೋಡಿನ ಬದಿ

ಆಯಿತು ಮಾಷ್ಟ್ರೇ. ರೆಕ್ಕೆಯ ಅಳತೆ ಇದು: ಡಿಎಂ-ಸಿಯು 22 ಗೆರೆ, ಸಿಯುಎ ಕೊನೆಯ ತುಂಡು 20 ಗೆರೆ. ಸಿಯುಎ ಅನುಪಾತ 0.9 ಎಂದು ಬರೆದಿದ್ದೇನೆ.

ಮುರಕಲ್ಲು

ತಲೆಕೆಳಗು ಭಾಗಿಸಿದ್ದೀರಿ. ಅಡ್ಡನರ ಮೇಲೆ, ಸಿಯುಎ ತುಂಡು ಕೆಳಗೆ. 22ನ್ನು 20ರಿಂದ ಭಾಗಿಸಿ, 1.1. ಉಳಿದ ಎರಡು ಗಂಡಿನದ್ದೂ ಅಳೆದು ಕನಿಷ್ಠ, ಗರಿಷ್ಠ ಎರಡೂ ಹಾಕಿ.